ಮನೆವಾರ್ತೆ: ಕೊರಳಿನ ಎರಡು ಗಂಟು

ಕನ್ನಡದಲ್ಲಿ ಗಂಟು ಎಂಬ ಮಾತಿಗೆ ಅರ್ಥ ಹಲವು. ಊರಿನಿಂದ ಹೊರಡುವಾಗ ತಾಯಿ ಕಟ್ಟಿಕೊಡುವ ಚಟ್ನಿಪುಡಿಯದು ಒಂದು ಗಂಟು. ಮದುವೆಯಲ್ಲಿ ವಧುವಿನ ಕೊರಳಿಗೆ ಹಾಕುವುದು ಮೂರು ಗಂಟು. ತಿಂಗಳ ಕೊನೆಯ ವಾರದಲ್ಲಿ ಗುಮಾಸ್ತನ ಬಳಿ ಇಲ್ಲದಿರುವುದು ಇನ್ನೊಂದು ಗಂಟು. ಈ ಸಲ ನಾವು ಬರೆಯಹೊರಟಿರುವುದು ಇವಾವುದನ್ನೂ ಕುರಿತಲ್ಲ. ಕಳೆದ ವರ್ಷ ನಮ್ಮಾಕೆಯ ಕೊರಳಿನಲ್ಲಿ ಕಂಡ ಎರಡು ಗಂಟುಗಳ ಕಥೆ ಇದು. ಆಕೆಯ ಅಪ್ಪಣೆ ಪಡೆದೇ ಬರೆಯುತ್ತಿದ್ದೇವೆ. ಅಪ್ಪಣೆ ಸುಲಭವಾಗಿ ಸಿಗಲಿಲ್ಲ; ಏಕೆಂಬುದನ್ನು ಕೊನೆಗೆ ಅರಿಕೆ ಮಾಡಿಕೊಳ್ಳುತ್ತೇವೆ.

ಅಂದು ವರಮಹಾಲಕ್ಷ್ಮಿ ಹಬ್ಬ. ತಾಯಿ ಕೊಟ್ಟಿದ್ದ ಅವಲಕ್ಕಿ ಸರವನ್ನು ಹಾಕಿಕೊಳ್ಳುತ್ತಿದ್ದ ನಮ್ಮಾಕೆ ಕನ್ನಡಿಯ ಮುಂದೆ ಹಾಗೆಯೇ ನಿಂತುಬಿಟ್ಟಳು. "ರೀ, ಇಲ್ಲಿ ಸ್ವಲ್ಪ ಮುಟ್ಟಿ ನೋಡಿ" ಎಂದು ಕರೆದಳು. ಕೊರಳಿನ ಎಡಪಕ್ಕದಲ್ಲಿ ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದಾದ ಗಂಟೊಂದು ಬೆರಳಿಗೆ ಸಿಕ್ಕಿತು. ಅದನ್ನು ಹುಡುಕುತ್ತಿರುವಾಗ ಕೊರಳಿನ ಮುಂಭಾಗದಲ್ಲಿ, ಗಂಟಲಮಣಿಗಿಂತ ಕೆಳಗೆ, ಅಡಿಕೆಯಷ್ಟು ಗಾತ್ರದ ಮತ್ತೊಂದು ಸಿಕ್ಕಿತು. ಎರಡೂ ನೋಯುತ್ತಿರಲಿಲ್ಲ. ನೋಯದ್ದನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಹಬ್ಬ ಸಾಂಗವಾಗಿ ನಡೆಯಿತು.

ಮಾರನೆಯ ದಿನದಿಂದ ಸಲಹೆಗಳ ಸುರಿಮಳೆ. ಧಾರವಾಡದ ಕಡೆಯ ವೈನಿಯವರು "ಏನೂ ಆಗೂದಿಲ್ಲ ತಗೋ ತಂಗಿ, ಸುಣ್ಣ-ಅರಿಶಿಣ ಕಲಸಿ ಹಚ್ಚು" ಎಂದರು. ಮೇಲಿನ ಮಹಡಿಯ ಪಂಜಾಬಿ ಮಹಿಳೆ, ಇದು ಅಯೊಡಿನ್ ಸಾಲದ್ದರಿಂದ ಬಂದದ್ದು, ಉಪ್ಪು ಬದಲಿಸಿ ಎಂದರು. ಊರಿನಿಂದ ಅತ್ತೆಯವರು ಫೋನಿನಲ್ಲಿ "ಗಂಡಮಾಲೆಯೋ ಗಳಗಂಡವೋ, ಯಾವುದಕ್ಕೂ ಒಮ್ಮೆ ತೋರಿಸಿಬಿಡಮ್ಮ" ಎಂದರು. ನಮ್ಮ ಆಫೀಸಿನ ಮಿತ್ರರೊಬ್ಬರು, ಮನೆಗೇ ಬಂದು ರಕ್ತ ತೆಗೆದುಕೊಂಡು ಎಪ್ಪತ್ತು ಪರೀಕ್ಷೆ ಮಾಡಿಕೊಡುವ ಲ್ಯಾಬಿನ ನಂಬರು ಕೊಟ್ಟರು. ನಾವು ಮಾತ್ರ ಸರ್ಕಾರಿ ಗುಮಾಸ್ತರ ಕುಲದೈವವಾದ "ನೋಡೋಣ" ಎಂಬುದನ್ನು ನೆನೆದು ಸುಮ್ಮನಾದೆವು. ಈಗ ಯೋಚಿಸಿದರೆ, ಅಷ್ಟು ಜನರಲ್ಲಿ ಸರಿಯಾದ ಮಾತು ಆಡಿದವರು ಅತ್ತೆಯವರು ಒಬ್ಬರೇ. ಗಂಡಮಾಲೆ ಬೇರೆ, ಗಳಗಂಡ ಬೇರೆ ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಗಂಡಮಾಲೆ ಕೊರಳಿನ ಸುತ್ತ ಮಾಲೆಯಂತೆ ಏಳುವ ಗಂಟುಗಳು. ಗಳಗಂಡ ಕೊರಳಿನ ಮುಂದೆ ಉಬ್ಬುವುದು. ಬಿ.ಎ. ಓದಿದ ನಮಗೆ ಈ ಭೇದ ತಿಳಿಯಲು ಐದು ತಿಂಗಳು ಬೇಕಾಯಿತು.

ದಸರೆಯ ಹೊತ್ತಿಗೆ ಲ್ಯಾಬಿನವರು ಬಂದು ರಕ್ತ ಕೊಂಡೊಯ್ದರು. ವರದಿ ಬಂದಿತು, ಟಿ.ಎಸ್.ಎಚ್. ಸರಿಯಾಗಿದೆ. ಪರಿಚಯದ ಡಾಕ್ಟರೊಬ್ಬರು ಅದನ್ನು ನೋಡಿ, "ಥೈರಾಯ್ಡ್ ನಾರ್ಮಲ್, ಪಕ್ಕದ ಗಂಟು ಗಂಟಲುಬೇನೆಯದು" ಎಂದು ಐದು ದಿನದ ಆಂಟಿಬಯಾಟಿಕ್ ಬರೆದರು. ಗಂಟು ಕರಗಲಿಲ್ಲ. ಇನ್ನೊಂದು ಬಗೆಯದನ್ನು ಐದು ದಿನ ಬರೆದರು. ಆಗಲೂ ಕರಗಲಿಲ್ಲ. ಅಲ್ಟ್ರಾಸೌಂಡ್ ಮಾಡಿಸಿ ಎಂದು ಚೀಟಿ ಕೊಟ್ಟರು. ಚೀಟಿಯಲ್ಲಿ "ಥೈರಾಯ್ಡ್" ಎಂಬ ಒಂದೇ ಮಾತು ಇತ್ತು. ಸ್ಕ್ಯಾನ್ ಕೇಂದ್ರದವರು ಥೈರಾಯ್ಡನ್ನಷ್ಟೇ ನೋಡಿ, ಅದರಲ್ಲೊಂದು ಗಂಟು ಇದೆಯೆಂದು ಬರೆದು ಕಳಿಸಿದರು. ಪಕ್ಕದ ಗಂಟಿನ ವಿಷಯದಲ್ಲಿ ವರದಿ ಮೌನ. ಕೇಳದ ಪ್ರಶ್ನೆಗೆ ಯಾವ ಕಚೇರಿಯವರು ಉತ್ತರ ಕೊಟ್ಟಾರು? ದಿನವೂ ಇದೇ ನ್ಯಾಯವನ್ನು ಪಾಲಿಸುವ ನಾವೇ ಅದನ್ನು ಗಮನಿಸದೆ ಹೋದೆವು!

ಈ ನಡುವೆ ಸಂಜೆಯ ಹೊತ್ತು ನಮ್ಮಾಕೆಗೆ ಮೈ ಬೆಚ್ಚಗಾಗುತ್ತಿತ್ತು. ದಿಲ್ಲಿಯ ಚಳಿಗೆ ಎಂದುಕೊಂಡೆವು. ತೂಕ ಎರಡು ಕಿಲೋ ಇಳಿಯಿತು. ಅದಕ್ಕೆ ಆಕೆ ಸಂತೋಷಪಟ್ಟಳು, ನಾವೂ ಅಭಿನಂದಿಸಿದೆವು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಸರೋಜಿನಿ ನಗರದಲ್ಲಿ ವಾಸಿಸುವವರಿಗೆ ಆಸ್ಪತ್ರೆ ದೂರವೆಂಬ ನೆಪವಿಲ್ಲ. ಒಂದು ಕಾಲಕ್ಕೆ ವಿನಯ ನಗರ ಎನಿಸಿಕೊಂಡಿದ್ದ ಈ ಬಡಾವಣೆಯ ಹಳೆಯ ಕ್ವಾರ್ಟರ್ಸುಗಳು ಹೋಗಿ ಗೋಪುರದಂಥ ಮನೆಗಳು ಎದ್ದಿದ್ದರೂ ಆಸ್ಪತ್ರೆಗಳು ಇದ್ದಲ್ಲಿಯೇ ಇವೆ. ಯುದ್ಧಕಾಲದಲ್ಲಿ ಅಮೆರಿಕದ ಸೈನಿಕರಿಗಾಗಿ ಎದ್ದ ಸಫ್ದರ್‌ಜಂಗ್ ಆಸ್ಪತ್ರೆ 1954ರಲ್ಲಿ ಆರೋಗ್ಯ ಮಂತ್ರಾಲಯಕ್ಕೆ ಸೇರಿತು. ರಸ್ತೆ ದಾಟಿದರೆ 1956ರಲ್ಲಿ ಸ್ಥಾಪನೆಯಾದ ಏಮ್ಸ್. ನಮ್ಮಂಥ ನೌಕರರ ಸಿ.ಜಿ.ಎಚ್.ಎಸ್. ಯೋಜನೆಯೂ ಇದೇ ದಿಲ್ಲಿಯಲ್ಲಿ 1954ರಲ್ಲಿಯೇ ಶುರುವಾದದ್ದು. ಕೈಗೆಟಕುವಷ್ಟು ಹತ್ತಿರದಲ್ಲಿ ಇಷ್ಟೆಲ್ಲ ಇಟ್ಟುಕೊಂಡು ಸುಣ್ಣ-ಅರಿಶಿಣದಲ್ಲಿ ಕಾಲ ಕಳೆದವರು ನಾವು.

ಕೊನೆಗೆ ಪೌಷದ ಚಳಿಯಲ್ಲಿ ಒಂದು ಬೆಳಿಗ್ಗೆ ನಮ್ಮ ವೆಲ್‌ನೆಸ್ ಸೆಂಟರಿಗೆ, ಹಳಬರ ಮಾತಿನಲ್ಲಿ ಡಿಸ್ಪೆನ್ಸರಿಗೆ, ಹೋದೆವು. ಅಲ್ಲಿಯ ಹಿರಿಯ ಡಾಕ್ಟರು ವರದಿಗಳನ್ನು ಪಕ್ಕಕ್ಕಿಟ್ಟು ಮೊದಲು ಕೊರಳನ್ನು ಮುಟ್ಟಿ ನೋಡಿದರು. ಅಲ್ಲಿಯವರೆಗೆ ವರದಿಯನ್ನು ಓದಿದವರು ಇದ್ದರೇ ಹೊರತು ಕೊರಳನ್ನು ಮುಟ್ಟಿದವರು ಯಾರೂ ಇರಲಿಲ್ಲ. ಒಂದೇ ನಿಮಿಷದಲ್ಲಿ ಅವರು ಸರ್ಕಾರಿ ಆಸ್ಪತ್ರೆಯ ಕಿವಿ-ಮೂಗು-ಗಂಟಲಿನ ವಿಭಾಗಕ್ಕೆ ಚೀಟಿ ಬರೆದುಕೊಟ್ಟರು.

ಅಲ್ಲಿ ಸಾಲಿನಲ್ಲಿ ಮೂರು ಗಂಟೆ ಕಾದ ಮೇಲೆ ನೋಡಿದವರು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ಅವರು ಮಾಡಿದ ಮೊದಲ ಪರೀಕ್ಷೆಗೆ ಒಂದು ಪೈಸೆಯ ಖರ್ಚಿಲ್ಲ. ನಮ್ಮಾಕೆಗೆ ಒಂದು ಗುಟುಕು ನೀರು ಕುಡಿಯಲು ಹೇಳಿದರು. ನೀರು ಇಳಿಯುವಾಗ ಮುಂದಿನ ಗಂಟು ಮೇಲಕ್ಕೆ ಎದ್ದು ಕೆಳಗೆ ಇಳಿಯಿತು, ಪಕ್ಕದ್ದು ಅಲ್ಲಾಡಲಿಲ್ಲ. "ಇವು ಎರಡು ಬೇರೆ ಬೇರೆ ವಸ್ತುಗಳು. ಎರಡಕ್ಕೂ ಸಂಬಂಧ ಇರಬಹುದು, ಇಲ್ಲದಿರಬಹುದು. ಅದು ಊಹೆಯ ವಿಷಯವಲ್ಲ, ಒಂದೊಂದನ್ನೂ ವಿಚಾರಿಸಬೇಕು" ಎಂದರು.

ಅವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಥೈರಾಯ್ಡ್ ಎಂಬುದು ಕೊರಳಿನ ಮುಂದೆ ಶ್ವಾಸನಾಳವನ್ನು ಅಪ್ಪಿಕೊಂಡಿರುವ ಚಿಟ್ಟೆಯಾಕಾರದ ಗ್ರಂಥಿ. ನುಂಗಿದಾಗ ಶ್ವಾಸನಾಳದ ಜೊತೆ ಅದೂ ಮೇಲೇಳುತ್ತದೆ. ಟಿ.ಎಸ್.ಎಚ್. ಪರೀಕ್ಷೆ ಆ ಗ್ರಂಥಿ ಕೆಲಸ ಸರಿಯಾಗಿ ಮಾಡುತ್ತಿದೆಯೇ ಎಂದು ತಿಳಿಸುತ್ತದೆ. ಅದರೊಳಗಿನ ಗಂಟು ಎಂಥದೆಂದು ತಿಳಿಸುವುದಿಲ್ಲ. ಆಫೀಸಿಗೆ ವೇಳೆಗೆ ಸರಿಯಾಗಿ ಬರುವ ಗುಮಾಸ್ತನ ಚಾರಿತ್ರ್ಯವನ್ನು ಹಾಜರಿ ಪುಸ್ತಕದಿಂದ ತಿಳಿಯಲಾದೀತೆ? ಆದರೂ ಆ ಪರೀಕ್ಷೆ ವ್ಯರ್ಥವಲ್ಲ. ಟಿ.ಎಸ್.ಎಚ್. ಕಡಮೆಯಿದ್ದರೆ ಗಂಟೇ ಹೆಚ್ಚು ಕೆಲಸ ಮಾಡುತ್ತಿರಬಹುದು, ಆಗ ಬೇರೆ ಬಗೆಯ ಸ್ಕ್ಯಾನ್ ಬೇಕು. ಸರಿಯಾಗಿದ್ದರೆ ಅಥವಾ ಹೆಚ್ಚಿದ್ದರೆ ಅಲ್ಟ್ರಾಸೌಂಡ್ ನೋಡಿ ಮುಂದಿನ ದಾರಿ. ಅದು ಮೊದಲ ಮೆಟ್ಟಿಲು. ನಾವು ಅದನ್ನೇ ಮನೆಯೆಂದು ತಿಳಿದು ಕುಳಿತಿದ್ದೆವು.

ಪಕ್ಕದ್ದು ದುಗ್ಧಗ್ರಂಥಿ, ಡಾಕ್ಟರರು ಲಿಂಫ್ ನೋಡ್ ಎನ್ನುತ್ತಾರೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ತೊಡೆಸಂದಿನಲ್ಲಿ ಗಂಟು ಬರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಇವು ಮೈಯ ಪೋಲೀಸ್ ಚೌಕಿಗಳು. ಹತ್ತಿರದಲ್ಲಿ ಗಲಭೆಯಾದಾಗ ಉಬ್ಬಿಕೊಂಡು, ಶಾಂತವಾದ ಮೇಲೆ ಇಳಿಯುವುದು ಅವುಗಳ ಧರ್ಮ. ಇಳಿಯದಿದ್ದರೆ ಕಾರಣ ಹುಡುಕಬೇಕು. ಅಮೆರಿಕದ ಕಿವಿ-ಮೂಗು-ಗಂಟಲಿನ ವೈದ್ಯರ ಅಕಾಡೆಮಿ 2017ರಲ್ಲಿ ವಯಸ್ಕರ ವಿಷಯವಾಗಿ ಹೊರಡಿಸಿದ ಮಾರ್ಗಸೂಚಿಯಂತೆ, ಎರಡು ವಾರವಾದರೂ ಇಳಿಯದ, ಒಂದೂವರೆ ಸೆಂಟಿಮೀಟರಿಗಿಂತ ದೊಡ್ಡದಾದ, ಗಟ್ಟಿಯಾದ ಅಥವಾ ಜರುಗಿಸಿದರೆ ಜರುಗದ ಗಂಟಿನ ಮೇಲೆ ಹೆಚ್ಚಿನ ನಿಗಾ ಬೇಕು. ಸೋಂಕಿನ ಲಕ್ಷಣವಿಲ್ಲದೆ ಆಂಟಿಬಯಾಟಿಕ್ ಕೊಡುತ್ತ ಕಾಯಬಾರದು. ನಾವು ಕಾದದ್ದು ಎರಡು ವಾರವಲ್ಲ, ಐದು ತಿಂಗಳು. ಇನ್ನೂ ಒಂದು ಮಾತು ಹೇಳಿದರು. ಲೆವೊಫ್ಲಾಕ್ಸಸಿನ್‌ನಂಥ ಕೆಲವು ಆಂಟಿಬಯಾಟಿಕ್‌ಗಳು ಕ್ಷಯವನ್ನು ಅರೆಬರೆ ಅಡಗಿಸಿ ಪತ್ತೆಯನ್ನು ತಡಮಾಡುತ್ತವೆ. ಸ್ಟೀರಾಯ್ಡ್ ಮಾತ್ರೆಗಳು ಲಿಂಫೋಮ ಎಂಬ ಕ್ಯಾನ್ಸರಿನ ಗಂಟನ್ನೂ ಕೆಲಕಾಲ ಕರಗಿಸಿ ಮೋಸ ಮಾಡುತ್ತವೆ. ಅಂಗಡಿಯವನು ಕೊಟ್ಟ ಮಾತ್ರೆಗೆ ಗಂಟು ಕರಗಿತೆಂದು ಹಿಗ್ಗುವವರು ಇದನ್ನು ನೆನಪಿನಲ್ಲಿಡಬೇಕು.

ಅಯೊಡಿನ್ ವಿಚಾರವನ್ನೂ ನಾವು ಕೇಳಿಯೇಬಿಟ್ಟೆವು. ಮೇಲಿನ ಮಹಡಿಯವರ ಮಾತು ಪೂರ್ತಿ ಸುಳ್ಳಲ್ಲ. ಕಾಲ ಮೀರಿದ ಮಾತು. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಗಳಗಂಡದ ಅಧ್ಯಯನ ಆರಂಭಿಸಿದರು. ಕಣಿವೆಯ ಕೆಲವು ಭಾಗಕ್ಕೆ ಅಯೊಡಿನ್ ಬೆರೆಸಿದ ಉಪ್ಪು, ಇನ್ನೊಂದು ಭಾಗಕ್ಕೆ ಬರಿಯ ಉಪ್ಪು ಹಂಚಿ ನೋಡಿದಾಗ ಅಯೊಡಿನ್ ಉಪ್ಪು ತಿಂದವರಲ್ಲಿ ಗಳಗಂಡ ಗಣನೀಯವಾಗಿ ಇಳಿಯಿತು. ರಾಮಲಿಂಗಸ್ವಾಮಿಯವರು ಮುಂದೆ ನಮ್ಮ ನೆರೆಯ ಏಮ್ಸ್‌ಗೆ ನಿರ್ದೇಶಕರಾದರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಇಂದು ನಮ್ಮ ಅಡಿಗೆಮನೆಯ ಪ್ಯಾಕೆಟ್ಟಿನ ಉಪ್ಪಿನಲ್ಲಿ ಅಯೊಡಿನ್ ಇದ್ದೇ ಇದೆ. ಈಗಾಗಲೇ ಕಟ್ಟಿಕೊಂಡ ಗಂಟು ಇನ್ನೊಂದು ಚಿಟಿಕೆ ಉಪ್ಪಿನಿಂದ ಕರಗುವುದಿಲ್ಲ.

ಲೇಡಿ ಡಾಕ್ಟರು ಬರೆದ ಹೊಸ ಚೀಟಿಯನ್ನು ನಾವು ಗುಮಾಸ್ತನ ಕಣ್ಣಿನಿಂದ ಓದಿ ಮೆಚ್ಚಿದೆವು. "ಥೈರಾಯ್ಡ್ ಮತ್ತು ಕೊರಳಿನ ಎರಡೂ ಪಕ್ಕದ ದುಗ್ಧಗ್ರಂಥಿಗಳು, ಎಡಪಕ್ಕದ ಗಂಟನ್ನು ವಿಶೇಷವಾಗಿ ನೋಡುವುದು" ಎಂಬ ಅರ್ಥ ಬರುವಂತೆ ಬರೆದಿದ್ದರು. ಪ್ರಶ್ನೆ ಸರಿಯಾಗಿತ್ತು, ಉತ್ತರವೂ ಸರಿಯಾಗಿ ಬಂದಿತು. ಥೈರಾಯ್ಡಿನ ಗಂಟು 2.2 ಸೆಂಟಿಮೀಟರು, ಟಿರಾಡ್ಸ್ ಎಂಬ ಲೆಕ್ಕದಲ್ಲಿ ನಾಲ್ಕನೆಯ ದರ್ಜೆ. ಅಮೆರಿಕದ ರೇಡಿಯಾಲಜಿ ವೈದ್ಯರ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಈ ಲೆಕ್ಕದಲ್ಲಿ ಐದು ದರ್ಜೆಗಳು. ಮೂರನೆಯದಾದರೆ 2.5 ಸೆಂಟಿಮೀಟರು, ನಾಲ್ಕನೆಯದಾದರೆ 1.5, ಐದನೆಯದಾದರೆ 1 ಸೆಂಟಿಮೀಟರು ಮುಟ್ಟಿದಾಗ ಸೂಜಿಯ ಪರೀಕ್ಷೆ. ಪಕ್ಕದ ಗ್ರಂಥಿ 1.8 ಸೆಂಟಿಮೀಟರು, ಅದರ ಸಹಜ ರಚನೆ ಕೆಟ್ಟಿದೆಯೆಂದು ವರದಿ.

ಅಂದಿನ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ನಿದ್ರೆ ಮಾಡಲಿಲ್ಲ. ಥೈರಾಯ್ಡಿನ ಕ್ಯಾನ್ಸರು ಪಕ್ಕದ ಗ್ರಂಥಿಗೆ ಹರಡುವುದುಂಟೆಂದು ಎಲ್ಲಿಯೋ ಓದಿದ್ದೆವು. ಮಗಳು ಮಲಗಿದ ಮೇಲೆ ನಮ್ಮಾಕೆ ಕೇಳಿದಳು: "ನನಗೆ ಏನಾದರೂ ಆದರೆ ಇವಳನ್ನು ಊರಿಗೆ ಕಳಿಸುತ್ತೀರೋ, ಇಲ್ಲಿಯೇ ಇಟ್ಟುಕೊಳ್ಳುತ್ತೀರೋ?" ನಮಗೆ ಉತ್ತರ ತೋಚಲಿಲ್ಲ. ಮರುದಿನ ಡಾಕ್ಟರು ಧೈರ್ಯ ಹೇಳಿದರು. ಅಮೆರಿಕದ ಥೈರಾಯ್ಡ್ ಸಂಘದ 2015ರ ಮಾರ್ಗಸೂಚಿಯ ಪ್ರಕಾರ ಇಂಥ ನೂರು ಗಂಟುಗಳಲ್ಲಿ ಕ್ಯಾನ್ಸರು ಇರುವುದು ಏಳರಿಂದ ಹದಿನೈದರಲ್ಲಿ. ಇದ್ದರೂ ಅದರಲ್ಲಿ ಬಹುಪಾಲು ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಜಾತಿಯದು.

ಸೂಜಿಯ ಪರೀಕ್ಷೆಗೆ ಎಫ್.ಎನ್.ಎ.ಸಿ. ಎಂದು ಹೆಸರು. ಹೆಸರು ದೊಡ್ಡದು, ಸೂಜಿ ರಕ್ತ ತೆಗೆಯುವ ಸೂಜಿಗಿಂತ ತೆಳು. ಸೂಜಿ ಚುಚ್ಚಿದರೆ ಕ್ಯಾನ್ಸರು ಹರಡುತ್ತದೆಂಬ ಭಯದಿಂದ ಎಷ್ಟೋ ಜನ ಇದನ್ನು ತಪ್ಪಿಸಿಕೊಳ್ಳುತ್ತಾರೆ. ಆ ಭಯಕ್ಕೆ ಬಲಿಯಾಗಿ ಗಂಟನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವುದೇ ಹೆಚ್ಚಿನ ಅಪಾಯ. ಎರಡು ಗಂಟಿಗೂ ಬೇರೆ ಬೇರೆಯಾಗಿ ಸೂಜಿ ಹಾಕಿದರು. ಪಕ್ಕದ ಗ್ರಂಥಿಯಿಂದ ತೆಗೆದದ್ದನ್ನು ಗಾಜಿನ ಪಟ್ಟಿಗೆ ಬಳಿದದ್ದಲ್ಲದೆ ಸ್ವಲ್ಪವನ್ನು ಪ್ರತ್ಯೇಕ ಶೀಶೆಯಲ್ಲಿ ಸಿಬಿನಾಟ್ ಪರೀಕ್ಷೆಗೆಂದು ಕಳಿಸಿದರು. ಇದನ್ನು ಓದುಗರು ಗುರುತು ಹಾಕಿಕೊಳ್ಳಲಿ. ನಮ್ಮ ದೇಶದಲ್ಲಿ ಕೊರಳಿನ ದುಗ್ಧಗ್ರಂಥಿ ಇಳಿಯದೆ ನಿಂತರೆ ಕ್ಷಯವನ್ನು ನೆನೆಯಲೇಬೇಕು. ಸಿಬಿನಾಟ್ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಕ್ಷಯದ ಅಣುಜೀವಿಯಿದೆಯೇ, ರಿಫಾಂಪಿಸಿನ್ ಮದ್ದಿಗೆ ಅದು ಬಗ್ಗುವುದೇ ಎಂಬೆರಡನ್ನೂ ಹೇಳುತ್ತದೆ. ತೆಗೆದದ್ದೆಲ್ಲವನ್ನೂ ಫಾರ್ಮಾಲಿನ್‌ನಲ್ಲಿ ಹಾಕಿಬಿಟ್ಟರೆ ಅಣುಜೀವಿಯನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಅವಕಾಶವೇ ಉಳಿಯುವುದಿಲ್ಲ. ಆದ್ದರಿಂದ ಸೂಜಿ ಹಾಕುವ ಮುಂಚೆಯೇ "ಕ್ಷಯದ ಪರೀಕ್ಷೆಗೂ ಕಳಿಸುತ್ತೀರಾ?" ಎಂದು ವಿನಯದಿಂದ ಕೇಳಬೇಕು.

ವಾರದೊಳಗೆ ಎರಡು ಕಾಗದಗಳು ಬಂದವು. ಥೈರಾಯ್ಡಿನ ಕಾಗದದಲ್ಲಿ "ಬೆಥೆಸ್ಡಾ ಎರಡು" ಎಂದಿತ್ತು. ಬೆಥೆಸ್ಡಾ ಅಮೆರಿಕದ ಒಂದು ಊರು. 2007ರಲ್ಲಿ ಅಲ್ಲಿ ಸಭೆ ಸೇರಿದ ತಜ್ಞರು, ಒಬ್ಬೊಬ್ಬ ವೈದ್ಯರು ಒಂದೊಂದು ರೀತಿ ಬರೆಯುವುದು ಬೇಡವೆಂದು ಆರು ವರ್ಗಗಳನ್ನು ಗೊತ್ತುಮಾಡಿದರು. ಒಂದೆಂದರೆ ತೆಗೆದದ್ದು ಸಾಲದು, ಮತ್ತೆ ತೆಗೆಯಬೇಕು. ಎರಡೆಂದರೆ ನಿರುಪದ್ರವಿ. ಮೂರು ಸಂದಿಗ್ಧ. ನಾಲ್ಕರಿಂದ ಮುಂದೆ ಅನುಮಾನ ಏರುತ್ತ ಹೋಗಿ ಆರೆಂದರೆ ಕ್ಯಾನ್ಸರು ಖಚಿತ. ಕಡತದ ಭಾಷೆ ಬಲ್ಲ ನಮಗೆ ಈ ವ್ಯವಸ್ಥೆ ಬಹಳ ಹಿಡಿಸಿತು. ಒಂದನೆಯ ವರ್ಗವನ್ನು "ಏನೂ ಇಲ್ಲ" ಎಂದು ಓದಿಕೊಂಡು ಮನೆಗೆ ಹೋಗುವವರಿದ್ದಾರೆ. ಅದು "ಇನ್ನೂ ತಿಳಿದಿಲ್ಲ" ಎಂದರ್ಥ. ನಮ್ಮಾಕೆಯದು ಎರಡಾದ್ದರಿಂದ ಆಪರೇಷನ್ ಬೇಡ, ಒಂದು ವರ್ಷದ ಮೇಲೆ ಮತ್ತೆ ಅಲ್ಟ್ರಾಸೌಂಡ್ ಸಾಕೆಂದರು.

ಇನ್ನೊಂದು ಕಾಗದದಲ್ಲಿ ಕ್ಷಯವೆಂದಿತ್ತು. ಅತ್ತೆಯವರ ಗಂಡಮಾಲೆ! ರಿಫಾಂಪಿಸಿನ್‌ಗೆ ಬಗ್ಗುವ ಜಾತಿ. ಎದೆಯ ಎಕ್ಸ್‌ರೇ ಶುದ್ಧವಾಗಿತ್ತು. ಮುಂದಿನ ಗಂಟಿಗೂ ಪಕ್ಕದ ಗಂಟಿಗೂ ಸಂಬಂಧವೇ ಇರಲಿಲ್ಲ. ಒಂದಕ್ಕೆ ಮದ್ದು ಬೇಡ, ಇನ್ನೊಂದಕ್ಕೆ ಮದ್ದಿಲ್ಲದೆ ಗತ್ಯಂತರವಿಲ್ಲ. ಥೈರಾಯ್ಡಿನ ವರದಿ ಚೆನ್ನಾಗಿದೆಯೆಂದು ಸಮಾಧಾನಪಟ್ಟಿದ್ದರೂ, ಕ್ಯಾನ್ಸರೇ ಹರಡಿದೆಯೆಂದು ಹೆದರಿ ಆಪರೇಷನ್ನಿಗೆ ಓಡಿದ್ದರೂ ಎರಡು ಪಕ್ಷದಲ್ಲಿಯೂ ತಪ್ಪುತ್ತಿದ್ದೆವು.

ಹಾಗೆಂದು, ಗಂಟಿಲ್ಲದವರೂ ಹೋಗಿ ಕೊರಳನ್ನು ಸ್ಕ್ಯಾನ್ ಮಾಡಿಸಿಕೊಳ್ಳಲಿ ಎಂದು ನಾವು ಹೇಳುತ್ತಿಲ್ಲ. ದಕ್ಷಿಣ ಕೊರಿಯಾದಲ್ಲಿ 1999ರ ನಂತರ ಕ್ಯಾನ್ಸರ್ ತಪಾಸಣೆಯ ಜೊತೆಗೆ ಥೈರಾಯ್ಡಿನ ಅಲ್ಟ್ರಾಸೌಂಡೂ ರೂಢಿಗೆ ಬಂದಿತು. 2011ರ ಹೊತ್ತಿಗೆ ಅಲ್ಲಿ ಪತ್ತೆಯಾಗುವ ಥೈರಾಯ್ಡ್ ಕ್ಯಾನ್ಸರು 1993ರಲ್ಲಿ ಇದ್ದುದರ ಹದಿನೈದು ಪಟ್ಟಾಯಿತು. ಆದರೆ ಅದರಿಂದ ಸಾಯುವವರ ಪ್ರಮಾಣ ಬದಲಾಗಲಿಲ್ಲ. ತೊಂದರೆ ಕೊಡದೆ ಉಳಿದುಬಿಡುತ್ತಿದ್ದ ಚಿಕ್ಕ ಗಂಟುಗಳಿಗಾಗಿ ಎಷ್ಟೋ ಜನ ಗ್ರಂಥಿ ಕಳೆದುಕೊಂಡರು. ಗಂಟು ಕಂಡರೆ ವಿಚಾರಿಸಬೇಕು. ಕಾಣದ ಗಂಟನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಮದ್ದು ಆರು ತಿಂಗಳು. ತೂಕಕ್ಕೆ ತಕ್ಕಂತೆ ದಿನವೂ ಮಾತ್ರೆ. ಮೊದಲ ಎರಡು ತಿಂಗಳು ನಾಲ್ಕು ಮದ್ದು, ಅನಂತರ ಮೂರು. ಸರ್ಕಾರದ ಕ್ಷಯ ಕಾರ್ಯಕ್ರಮದಲ್ಲಿ ಎಲ್ಲವೂ ಉಚಿತ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು. 2024ರ ನವೆಂಬರಿನಿಂದ ಅದು 1000 ರೂಪಾಯಿ ಆಗಿದೆ. ಮೂತ್ರ ಕಿತ್ತಳೆ ಬಣ್ಣವಾದಾಗ ಹೆದರಿದೆವು. ಅದು ರಿಫಾಂಪಿಸಿನ್ ಮದ್ದಿನ ಬಣ್ಣವಂತೆ. ಎರಡನೆಯ ತಿಂಗಳಲ್ಲಿ ಗಂಟು ಇನ್ನಷ್ಟು ಉಬ್ಬಿದಾಗ ಮತ್ತೆ ಹೆದರಿ ಓಡಿದೆವು. ಮದ್ದು ಕೆಲಸ ಮಾಡುತ್ತಿರುವಾಗಲೂ ಹಾಗಾಗುವುದುಂಟು, ನಿಲ್ಲಿಸಬೇಡಿ ಎಂದರು. ನಿಲ್ಲಿಸಲಿಲ್ಲ. ಜುಲೈ ತಿಂಗಳಿಗೆ ಮದ್ದು ಮುಗಿಯಿತು. ಸಂಜೆಯ ಜ್ವರ ಎಂದೋ ಹೋಗಿತ್ತು. ಇಳಿದ ಎರಡು ಕಿಲೋ ಬಡ್ಡಿಸಮೇತ ಹಿಂದಿರುಗಿದೆ.

ಇನ್ನು ಅಪ್ಪಣೆಯ ವಿಷಯ. ಕಾಗದದಲ್ಲಿ ಕ್ಷಯವೆಂದು ಓದಿದ ದಿನ ನಮ್ಮಾಕೆ ಹೇಳಿದ ಮೊದಲ ಮಾತು: "ಸಂಘದಲ್ಲಿ ಯಾರಿಗೂ ಹೇಳಬೇಡಿ." ಶ್ವಾಸಕೋಶ ಶುದ್ಧವಾಗಿದ್ದು ಗ್ರಂಥಿಯಲ್ಲಷ್ಟೇ ಕ್ಷಯವಿದ್ದರೆ ಅದು ಕೆಮ್ಮಿನಿಂದ ಹರಡುವುದಿಲ್ಲ, ತಟ್ಟೆ-ಲೋಟದಿಂದಲೂ ಹರಡುವುದಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಆದರೂ ಯುಗಾದಿಯ ಕೂಟಕ್ಕೆ ಪ್ರತಿವರ್ಷ ಒಯ್ಯುವ ಹೋಳಿಗೆಯನ್ನು ಆ ವರ್ಷ ಆಕೆ ಮಾಡಲಿಲ್ಲ. ತಲೆನೋವೆಂದು ಮನೆಯಲ್ಲಿ ಉಳಿದಳು. ಮದ್ದು ಮುಗಿಯುವ ಹೊತ್ತಿಗೆ ನಮ್ಮ ಕನ್ನಡ ಬಳಗದ ಸೋದರಿಯೊಬ್ಬರು ಆಕೆಯನ್ನು ಪಕ್ಕಕ್ಕೆ ಕರೆದು, ತಮ್ಮ ಕೊರಳನ್ನು ತೋರಿಸಿ, "ನಿಮಗೂ ಹೀಗೇ ಆಗಿತ್ತಂತೆ. ನಾನು ಯಾರಿಗೂ ಹೇಳಿಲ್ಲ" ಎಂದರಂತೆ. ಎಂಟು ತಿಂಗಳಿಂದ ಸೆರಗು ಹೊದ್ದು ಮುಚ್ಚಿಕೊಂಡಿದ್ದರಂತೆ. ಅಂದು ರಾತ್ರಿ ನಮ್ಮಾಕೆ, "ಬರೆಯಿರಿ. ಕ್ಷಯ ಎಂದೇ ಬರೆಯಿರಿ" ಎಂದಳು.

ಆದಕಾರಣ ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟೆ. ಕೊರಳಿನಲ್ಲಿ ಎರಡು ವಾರಕ್ಕೂ ಇಳಿಯದ ಗಂಟು ಕಂಡರೆ ಕೈಯಿಂದ ಮುಟ್ಟಿ ನೋಡುವ ಡಾಕ್ಟರಿಗೆ ತೋರಿಸಿ. ಎರಡು ಗಂಟಿದ್ದರೆ ಎರಡನ್ನೂ ಚೀಟಿಯಲ್ಲಿ ಬರೆಸಿ. ರಕ್ತದ ವರದಿಯನ್ನು ಗಂಟಿನ ಉತ್ತರವೆಂದು ಒಪ್ಪಿಕೊಳ್ಳಬೇಡಿ. ಧ್ವನಿ ಒಡೆದರೆ, ನುಂಗಲು ಉಸಿರಾಡಲು ಕಷ್ಟವಾದರೆ, ಗಂಟು ಬೇಗ ಬೆಳೆದರೆ, ಜ್ವರ ಬಂದು ರಾತ್ರಿ ಬೆವರಿ ತೂಕ ಇಳಿದರೆ, ಕತ್ತಿನ ಬುಡದ ಎಲುಬಿನ ಮೇಲೆ ಗಂಟು ಎದ್ದರೆ ಎರಡು ವಾರವೂ ಕಾಯಬೇಡಿ. ಎಲ್ಲ ಕಾಗದಗಳನ್ನೂ ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿ ಇಡಿ. ಅಷ್ಟು ಮಾತ್ರ ನಮ್ಮ ಉದ್ಯೋಗದಿಂದ ನಾವು ಕಲಿಸಬಲ್ಲ ವಿದ್ಯೆ. ಊರಿನಿಂದ ಬಂದ ಹಿರಿಯರಿಗೆ ಹಿಂದಿ ಬಾರದಿದ್ದರೆ ಜೊತೆಯಲ್ಲಿ ಹೋಗಿ. ನಮ್ಮ ಗಂಟನ್ನು ಇಲ್ಲಿಯವರು ಗಾಂಠ್ ಎನ್ನುತ್ತಾರೆ. ಅಷ್ಟೊಂದು ದೂರದ ಮಾತೇನಲ್ಲ.

ಈ ವರ್ಷದ ವರಮಹಾಲಕ್ಷ್ಮಿ ಹಬ್ಬದ ದಿನ ಅದೇ ಕನ್ನಡಿ, ಅದೇ ಅವಲಕ್ಕಿ ಸರ. ಕೊಂಡಿ ಹಾಕಲು ನಮ್ಮನ್ನೇ ಕರೆದಳು. ಕೊಂಡಿ ಸಿಕ್ಕಿಸುವ ನೆಪದಲ್ಲಿ ನಾವು ಕೊರಳಿನ ಎಡಪಕ್ಕವನ್ನು ಮೆಲ್ಲಗೆ ಮುಟ್ಟಿ ನೋಡಿದೆವು. ಆಕೆಗೆ ತಿಳಿಯಿತು. "ಇಲ್ಲ ರೀ, ನಾನೂ ಬೆಳಿಗ್ಗೆಯೇ ನೋಡಿಕೊಂಡೆ" ಎಂದಳು.

ಮುಂದಿನ ಸಂಚಿಕೆಯಲ್ಲಿ ಇದಕ್ಕಿಂತ ಹಗುರವಾದ ಮಾತು ಆಡುತ್ತೇವೆ.